ರಾಕ್ಷಸ ಹೇಳಿದರೆ ಮಾತ್ರ ರಿವರ್ಸ್

ಕಳೆದ ವಾರ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಒಬ್ಬ ರಾಕ್ಷಸ ಕೂತಿದ್ದ.

(ಗಂಡನ ವಿಷಯ ಹೇಳುತ್ತಿಲ್ಲ. ಅವರು ಆ ಹೊತ್ತಿಗೆ ಮನೆಯಲ್ಲಿ ಟಿವಿ ನೋಡುತ್ತಿದ್ದರು.)

ಮುಖದ ತುಂಬ ಕೆಂಪು, ಕಪ್ಪು, ಬಿಳಿ ಬಣ್ಣ. ಮೂಗಿನ ತುದಿಯಲ್ಲಿ ಹತ್ತಿಯ ಉಂಡೆ. ಬಾಯಿಯ ಎರಡೂ ಬದಿಗೆ ಮೇಲಕ್ಕೆ ಚಾಚಿದ ಕೋರೆಹಲ್ಲು. ಎದೆಗೆ, ಹೊಟ್ಟೆಗೆ ಬಟ್ಟೆ ಸುತ್ತಿ ಸುತ್ತಿ ಮನುಷ್ಯ ಒಂದೂವರೆ ಪಟ್ಟಾಗಿದ್ದ. ಕಾಲು ಅಲುಗಿಸಿದರೆ ಗೆಜ್ಜೆ ಘಲ್ ಎನ್ನುತ್ತಿತ್ತು. ಕಿರೀಟ ಹಿಂದಿನ ಸೀಟಿನಲ್ಲಿತ್ತು. ಅದಕ್ಕೂ ಸೀಟ್ ಬೆಲ್ಟ್ ಹಾಕಿದ್ದೆ. ಶಿರಸಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೊದಲ ಪ್ರಯಾಣಿಕ ಬಹುಶಃ ಆ ಕಿರೀಟವೇ.

ಈ ರಾಕ್ಷಸ ನನ್ನ ತಮ್ಮ ಶ್ರೀಪಾದ. ವಾರವಿಡೀ ಶಿರಸಿಯಲ್ಲಿ ಔಷಧಿ ಅಂಗಡಿ ನಡೆಸುತ್ತಾನೆ. ವಾರಾಂತ್ಯದಲ್ಲಿ ಯಕ್ಷಗಾನದ ವೇಷ ಕಟ್ಟುತ್ತಾನೆ. ಅದೂ ರಾಕ್ಷಸನದ್ದೇ. ಅವನ ಅಂಗಡಿಗೆ ಹೋದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಯಾಕೆಂದರೆ ಶ್ರೀಪಾದ ಮಾತಾಡುವುದು ಎದುರಿನವರಿಗೆ ಅರ್ಧ ಕೇಳುವಷ್ಟು. ಹೋಟೆಲಿನಲ್ಲಿ ಇಡ್ಲಿ ಹೇಳಿದರೆ ವಡೆ ಬರುತ್ತದೆ, ಅವನು ಸುಮ್ಮನೆ ವಡೆ ತಿಂದು ಬರುತ್ತಾನೆ. ಸಾಲಿನಲ್ಲಿ ನಿಂತರೆ ಹಿಂದಿನವರೆಲ್ಲ ಮುಂದೆ ಹೋಗುತ್ತಾರೆ. "ಅವಕ್ಕೆ ಎಂತದೋ ಅರ್ಜೆಂಟ್ ಇರಕ್ಕು" ಅನ್ನುತ್ತಾನೆ. ಇಂಥವನು ಮುಖಕ್ಕೆ ಬಣ್ಣ ಬಿದ್ದ ಕೂಡಲೇ ಮೂರು ಲೋಕವನ್ನೂ ನಡುಗಿಸುತ್ತಾನೆ. ಇದಕ್ಕೆ ಮನಃಶಾಸ್ತ್ರದವರು ಏನಾದರೂ ಹೆಸರಿಟ್ಟಿರಬಹುದು. ನಾವು ಮನೆಯಲ್ಲಿ "ಶ್ರೀಪಾದಂಗೆ ಬಣ್ಣ ಬಂತು" ಅನ್ನುತ್ತೇವೆ.

ಆ ಶನಿವಾರ ಅವನಿಗೆ ಎರಡು ಕಡೆ ವೇಷ. ಬೆಳಿಗ್ಗೆ ಯಲ್ಲಾಪುರದ ಕಡೆ ಉಮ್ಮಚಗಿಯಲ್ಲಿ ಒಂದು ಆಟ. ಮಧ್ಯಾಹ್ನ ಸಿದ್ದಾಪುರದಲ್ಲಿ ಶಾಲೆಯ ವಾರ್ಷಿಕೋತ್ಸವ. ಎರಡೂ ಕಡೆ ರಾಕ್ಷಸನೇ. ಮುಖದ ಬಣ್ಣ ತೆಗೆದು ಮತ್ತೆ ಬರೆಯಲು ಪುರಸೊತ್ತಿಲ್ಲ. ಹಾಗಾಗಿ ಬಣ್ಣದಲ್ಲೇ ಹೋಗಬೇಕು. ಹೊಟ್ಟೆಯ ಬಟ್ಟೆಯ ಗಂಟು ಸ್ಟೇರಿಂಗಿಗೆ ತಾಗುವುದರಿಂದ ಅವನೇ ಕಾರು ಓಡಿಸುವಂತಿಲ್ಲ. ಅವನ ಹೆಂಡತಿ ಅಂಗಡಿ ನೋಡಿಕೊಳ್ಳಬೇಕು. ಉಳಿದದ್ದು ಯಾರು? ಅಕ್ಕ.

ಈ ಅಂಕಣದ ಓದುಗರಿಗೆ ಗೊತ್ತಿರುವಂತೆ ನಾನು ಕಾರು ಕಲಿತದ್ದು ತಲೆ ಕೂದಲು ಬೆಳ್ಳಗಾದ ಮೇಲೆ. ಆದ್ದರಿಂದ ನಿಯಮಗಳೆಲ್ಲ ಇನ್ನೂ ನೆನಪಿವೆ. ತಿರುವಿನಲ್ಲಿ ಇಂಡಿಕೇಟರ್ ಹಾಕುತ್ತೇನೆ. ಎದುರು ಗಾಡಿ ಬಂದರೆ ಲೈಟ್ ಡಿಮ್ ಮಾಡುತ್ತೇನೆ. ಈ ಕಾರಣಕ್ಕಾಗಿ ಹಿಂದಿನವರಿಂದ ತುಂಬ ಬೈಸಿಕೊಂಡಿದ್ದೇನೆ.

"ಅಕ್ಕಾ, ಈ ಸಲ ತಡ ಆಪಲಾಗ" ಎಂದು ಶ್ರೀಪಾದ ಉಮ್ಮಚಗಿ ಬಿಟ್ಟಾಗಲೇ ಹೇಳಿದ್ದ.

ತಡವಾಗಬಾರದು ಎನ್ನಲು ಕಾರಣವಿತ್ತು. ಸಿದ್ದಾಪುರದ ಆ ಶಾಲೆ ನಾವಿಬ್ಬರೂ ಓದಿದ್ದು. ಅಲ್ಲಿ ಶ್ರೀಪಾದನಿಗೆ ಮೇಷ್ಟ್ರುಗಳಿಟ್ಟ ಹೆಸರು 'ಮೌನಿಬಾಬಾ'. ಹಾಜರಿ ಕೂಗಿದಾಗ 'ಎಸ್ ಸರ್' ಎಂದದ್ದು ಕೇಳದೆ ಎಷ್ಟೋ ಸಲ ಆಬ್ಸೆಂಟ್ ಹಾಕಿಸಿಕೊಂಡವನು. ಆ ಶಾಲೆಯವರು ಈಗ ಹಳೆಯ ವಿದ್ಯಾರ್ಥಿಗಳೇ ಸೇರಿ ಒಂದು ಪ್ರಸಂಗ ಆಡಬೇಕೆಂದು ಕರೆದಿದ್ದರು. ಅದರಲ್ಲಿ ರಾಕ್ಷಸ ಮೊದಲು ಪ್ರವೇಶಿಸಿದಾಗ ತನ್ನ ಪರಿಚಯ ತಾನೇ ಹೇಳಿಕೊಳ್ಳುವ ಉದ್ದನೆಯ ಮಾತೊಂದಿದೆ. ಶ್ರೀಪಾದ ತಿಂಗಳಿಂದ ಅದನ್ನೇ ಅಭ್ಯಾಸ ಮಾಡುತ್ತಿದ್ದ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕೆಮ್ಮಿನ ಔಷಧಿಯ ಬಾಕ್ಸುಗಳ ಎದುರು. ಒಮ್ಮೆ ಗಿರಾಕಿಯೊಬ್ಬರು ಹೆದರಿ ಬಿಪಿ ಮಾತ್ರೆ ತೆಗೆದುಕೊಳ್ಳದೆ ಓಡಿದರಂತೆ. (ಅವರಿಗೆ ಆಗಲೇ ಅದು ಹೆಚ್ಚು ಬೇಕಿತ್ತು.)

ಶಿರಸಿಯವರೆಗೆ ಸುಖವಾಗಿ ಬಂದೆವು. ಸಿಗ್ನಲ್ ಇಲ್ಲದ ಸರ್ಕಲ್ಲಿನಲ್ಲಿ ಒಬ್ಬ ಬೈಕಿನವನು ಎಡದಿಂದ ನುಗ್ಗಿ ನನ್ನನ್ನು ಬೈಯಲು ಬಾಯಿ ತೆರೆದ. ಪಕ್ಕದ ಸೀಟು ನೋಡಿದ. ಬಾಯಿ ತೆರೆದದ್ದು ಹಾಗೇ ಉಳಿಯಿತು. ಪೆಟ್ರೋಲ್ ಬಂಕಿನಲ್ಲಿ ಯಾರೂ ಸಾಲು ತಪ್ಪಿಸಲಿಲ್ಲ. ಇಷ್ಟು ವರ್ಷದಲ್ಲಿ ಇಷ್ಟು ಮರ್ಯಾದೆಯ ಡ್ರೈವಿಂಗ್ ನಾನು ಕಂಡಿಲ್ಲ. ಇನ್ನು ಮುಂದೆ ದಿನಾ ಒಬ್ಬ ರಾಕ್ಷಸನನ್ನು ಕೂರಿಸಿಕೊಂಡೇ ತಿರುಗಬೇಕು ಅಂದುಕೊಂಡೆ.

ಶಿರಸಿ ದಾಟಿ ಸಿದ್ದಾಪುರದ ದಾರಿ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಜಾಗ ಬಂತು.

ಯಾವ ಜಾಗ ಅಂತ ನಿಮಗೆ ಹೇಳಬೇಕೆ? ಆ ದಾರಿಯಲ್ಲಿ ಓಡಾಡುವವರಿಗೆ ಸೊಂಟವೇ ಹೇಳುತ್ತದೆ.

ನಮ್ಮಲ್ಲಿ ರಸ್ತೆ ಮಾಡುವುದರಲ್ಲಿ ಎರಡು ಹಂತ. ಮೊದಲನೆಯದು ಅಗೆಯುವುದು. ಎರಡನೆಯದು ಮರೆಯುವುದು. ಚೌತಿಗೆ ಮುಂಚೆ ಯಾರೋ ಬಂದು ರಸ್ತೆಯ ಅರ್ಧ ಭಾಗವನ್ನು ಆಳುದ್ದ ಅಗೆದರು. ಮೋರಿ ಹಾಕುತ್ತಾರೆ ಅಂದರು. ಸಿಮೆಂಟಿನ ದೊಡ್ಡ ಪೈಪುಗಳನ್ನು ತಂದು ಬದಿಗೆ ಉರುಳಿಸಿದರು. ಹೋದರು. ದೀಪಾವಳಿಯೂ ಆಯಿತು. ಈಗ ಪೈಪಿನೊಳಗೆ ನಾಯಿ ಮರಿ ಹಾಕಿದೆ. ಜೆಸಿಬಿ ಅಲ್ಲೇ ನಿಂತಿದೆ. ಅದರ ಕೈಗೆ ಕಾಡುಬಳ್ಳಿ ಹಬ್ಬಿದೆ. ಅದರ ನೆರಳಿನಲ್ಲಿ ದನಗಳು ಮಲಗಿ ಮೆಲುಕು ಹಾಕುತ್ತಿದ್ದವು. ಇಡೀ ಕಾಮಗಾರಿಯಲ್ಲಿ ಕೆಲಸ ಮಾಡುತ್ತಿದ್ದದ್ದು ಆ ದನಗಳ ದವಡೆ ಮಾತ್ರ.

ಎದುರಿಗೆ ಒಂದು ಬೋರ್ಡು: 'ಕಾಮಗಾರಿ ಪ್ರಗತಿಯಲ್ಲಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ.' ವಿಷಾದಿಸುವವರು ಯಾರು, ಎಲ್ಲಿ ಕೂತು ವಿಷಾದಿಸುತ್ತಿದ್ದಾರೆ ಎಂದು ಅದರಲ್ಲಿ ಬರೆದಿರಲಿಲ್ಲ.

ಉಳಿದ ಅರ್ಧ ರಸ್ತೆಯಲ್ಲಿ ಒಂದು ಗಾಡಿ ಹೋಗಬಹುದು. ಒಂದು ಬದಿಗೆ ಗುಂಡಿ, ಇನ್ನೊಂದು ಬದಿಗೆ ಜಲ್ಲಿ ರಾಶಿ. ಒಂದು ಕಡೆಯವರು ನಿಂತು ಇನ್ನೊಂದು ಕಡೆಯವರಿಗೆ ಬಿಟ್ಟರೆ ಎಲ್ಲರೂ ಆರಾಮಾಗಿ ದಾಟಬಹುದು. ನರ್ಸರಿ ಮಕ್ಕಳಿಗೂ ತಿಳಿಯುವ ವಿಷಯ. ಆದರೆ ನರ್ಸರಿ ಮಕ್ಕಳಿಗೆ ಲೈಸೆನ್ಸ್ ಕೊಡುವುದಿಲ್ಲವಲ್ಲ.

ನಾವು ತಲುಪಿದಾಗ ಎದುರಿನಿಂದ ಭಾರ ತುಂಬಿದ ಲಾರಿಯೊಂದು ಆ ಇಕ್ಕಟ್ಟಿಗೆ ಆಗಲೇ ಇಳಿದಿತ್ತು. ನಾನು ಈಚೆ ನಿಂತೆ. ನಿಂತದ್ದೇ ತಪ್ಪಾಯಿತು. ಹಿಂದಿನಿಂದ ಪೋಂ ಪೋಂ. ಕನ್ನಡಿಯಲ್ಲಿ ನೋಡಿದರೆ ಮನೆಯಷ್ಟು ದೊಡ್ಡ ಬಿಳಿ ಕಾರು. ನಾನು ಕೈ ಹೊರಗೆ ಹಾಕಿ ಲಾರಿ ತೋರಿಸಿದೆ. ಆತನಿಗೆ ಅದು 'ಬನ್ನಿ, ಬನ್ನಿ' ಎಂದಂತೆ ಕಂಡಿತೋ ಏನೋ. ಬಲಗಡೆಯಿಂದ ನನ್ನನ್ನು ದಾಟಿ, ಧೂಳೆಬ್ಬಿಸಿ, ಸೀದಾ ಇಕ್ಕಟ್ಟಿಗೆ ನುಗ್ಗಿದ. ಅವನ ಹಿಂದೆ ಒಂದು ಟೆಂಪೊ. ಅದರ ಹಿಂದೆ ಬೈಕುಗಳು. ನನ್ನ ಹಿಂದಿದ್ದವರು ಹಾರ್ನ್ ಹೊಡೆದು ಹೊಡೆದು ನನ್ನನ್ನೂ ತಳ್ಳಿದರು. ನಾನೂ ಹೋದೆ. (ಹೋಗಬಾರದಿತ್ತು. ಗೊತ್ತಿದೆ.)

ಬಿಳಿ ಕಾರಿನ ಮೂಗು ಲಾರಿಯ ಮೂಗಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು.

ಅಲ್ಲಿಗೆ ಮುಗಿಯಿತು.

ಲಾರಿಯವನು ಹಾವೇರಿ ಕಡೆಯವನು. ಕಿಟಕಿಯಿಂದ ತಲೆ ಹೊರಗೆ ಹಾಕಿ ಸಮಾಧಾನದಲ್ಲೇ ಹೇಳಿದ. "ಅಣ್ಣಾರ, ಲೋಡ್ ಐತ್ರಿ. ಹಿಂದ ಇಳಿಜಾರೈತಿ. ನಾ ಹಿಂದಕ್ಕ ತಗದ್ರ ಸೀದಾ ಗುಂಡ್ಯಾಗ ಹೊಕ್ಕೇನ್ರಿ. ನೀವ ಒಂಚೂರು ತಗೀರಿ."

ಬಿಳಿ ಕಾರಿನ ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು. "ನಾ ಎಂತಕ್ಕೆ ತೆಗೀಲಿ? ಹಿಂದೆ ಎಷ್ಟು ಗಾಡಿ ಇದೆ ನೋಡು. ನೀ ತೆಗಿ."

ಹಿಂದೆ ಅಷ್ಟು ಗಾಡಿ ಬಂದದ್ದು ಯಾರಿಂದ? ಆ ಪ್ರಶ್ನೆಗೆ ಗಾಜು ಏರಿತು. ಒಳಗೆ ಎಸಿ ಇತ್ತು. ಹೊರಗೆ ಧೂಳು ಇತ್ತು. ಎಸಿ ಇದ್ದವರಿಗೆ ತಾಳ್ಮೆಯೂ ಜಾಸ್ತಿ ಇರುತ್ತದೆ.

ಬೈಕಿನವರು ಸಿಕ್ಕ ಸಿಕ್ಕ ಸಂದಿಗೆ ಮೂಗು ತೂರಿಸಿ ಉಳಿದ ಸಂದಿಗಳನ್ನೂ ಮುಚ್ಚಿದರು. ನಮ್ಮ ಕಡೆ ಬೈಕು ಇಲ್ಲದ ಸಂದಿ ಇದ್ದರೆ ಅದು ರಸ್ತೆಗೆ ಅವಮಾನ. ಎಲ್ಲರೂ ಹಾರ್ನ್ ಒತ್ತಿದರು. ಹಾರ್ನ್ ಒತ್ತಿದರೆ ಲಾರಿ ಆವಿಯಾಗುತ್ತದೆ ಎಂದು ಯಾವ ಪುಸ್ತಕದಲ್ಲಿ ಓದಿದ್ದಾರೋ. ಕೆಲವರು ಇಳಿದು ಸಲಹೆ ಕೊಡತೊಡಗಿದರು. "ಲೆಫ್ಟ್ ಕಟ್ ಮಾಡಿ", "ರೈಟ್ ಕಟ್ ಮಾಡಿ". ಅಷ್ಟು ಸಲಹೆಗಾರರಲ್ಲಿ ತನ್ನ ಗಾಡಿಯನ್ನು ಹಿಂದೆ ತೆಗೆದವನು ಒಬ್ಬನೂ ಇಲ್ಲ.

ಶ್ರೀಪಾದ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದ. ಬೆವರು ಬಣ್ಣದ ಅಂಚಿಗೆ ಬಂದು ನಿಂತಿತ್ತು.

"ಅಕ್ಕಾ, ಪ್ರಸಂಗ ಶುರು ಆಗೋಗ್ತು."

"ಇಳ್ದು ಒಂದ್ಮಾತು ಹೇಳಿ ಬಾರಾ. ನಿನ್ನ ನೋಡಿದ್ರೆ ಕೇಳಕ್ಕು" ಎಂದೆ ನಾನು ತಮಾಷೆಗೆ.

"ಛೆ, ಛೆ. ಜನ ನಗ್ಯಾಡ್ತ" ಎಂದು ಅವನು ಸೀಟಿನಲ್ಲಿ ಇನ್ನೂ ಕೆಳಗೆ ಜಾರಿದ.

ಆಗ ಲಾರಿಯ ಬದಿಯಿಂದ ಒಬ್ಬ ಓಡಿ ಬಂದ. ಅಂಗಿಯ ಗುಂಡಿ ಅದಲು ಬದಲು. ಬರಿಗಾಲು. ಬಿಳಿ ಕಾರಿನ ಗಾಜು ಬಡಿದ. ಗಾಜು ಇಳಿಯಲಿಲ್ಲ. ಟೆಂಪೊದವನಿಗೆ ಏನೋ ಹೇಳಿದ. ಅವನು ಮುಂದಿನ ಕಾರನ್ನು ತೋರಿಸಿ ಕೈ ಚೆಲ್ಲಿದ. ಕೊನೆಗೆ ನನ್ನ ಕಿಟಕಿಗೆ ಬಂದ.

"ಅಕ್ಕೋರೆ, ಸ್ವಲ್ಪ ಹಿಂದೆ ಹೋಗಿ ಅಕ್ಕೋರೆ. ಲಾರಿ ಹಿಂದೆ ನಮ್ಮ ಓಮ್ನಿ ಇದೆ. ನನ್ನ ತಮ್ಮನ ಹೆಂಡ್ತಿ ಹೆರಿಗೆ ನೋವಲ್ಲಿದಾಳೆ. ಚೊಚ್ಚಲು. ಶಿರಸಿ ಆಸ್ಪತ್ರೆಗೆ ಬರ್ಲಿಕ್ಕೆ ಹೇಳಿದಾರೆ. ಯಾರೂ ಕೇಳ್ತಾ ಇಲ್ಲ."

ಪಕ್ಕದಲ್ಲಿ ರಾಕ್ಷಸ ಕೂತಿರುವುದು ಅವನಿಗೆ ಕಾಣಲೇ ಇಲ್ಲ. ಮನುಷ್ಯನಿಗೆ ಹೆದರಿಕೆ ಎಷ್ಟಿದ್ದರೆ ಅಷ್ಟು ದೊಡ್ಡ ಕೋರೆಹಲ್ಲು ಕಾಣದೆ ಹೋಗುತ್ತದೆ?

ನಾನು ಹಿಂದೆ ನೋಡಿದೆ. ನನ್ನ ಬಂಪರಿಗೆ ಅಂಟಿಕೊಂಡು ಒಂದು ಆಟೊ. ಅದಕ್ಕೆ ಅಂಟಿಕೊಂಡು ಇನ್ನೊಂದು ಕಾರು. ಇಳಿದು ಆಟೊದವನಿಗೆ ಹೇಳಿದೆ. "ನನ್ ಹಿಂದಿನವ್ರು ತೆಗೀಲಿ, ನಾ ತೆಗೀತೆ" ಎಂದ. ಅವನ ಹಿಂದಿನವನೂ ಅದನ್ನೇ ಹೇಳಿದ. ಅವನ ಹಿಂದಿನವನು ಫೋನಿನಲ್ಲಿದ್ದ. ನಮ್ಮ ಊರಿನಲ್ಲಿ ಒಳ್ಳೆಯ ಕೆಲಸ ಮಾಡಲು ಎಲ್ಲರೂ ತಯಾರು. ಹಿಂದಿನವರು ಮೊದಲು ಮಾಡಬೇಕು, ಅಷ್ಟೆ.

ನಾನು ಸೋತು ವಾಪಸ್ ಬರುವಾಗ ಘಲ್ ಎಂದಿತು.

ಶ್ರೀಪಾದ ಕಾರಿನಿಂದ ಇಳಿದಿದ್ದ. ಹಿಂದಿನ ಬಾಗಿಲು ತೆಗೆದು, ಬೆಲ್ಟ್ ಬಿಚ್ಚಿ, ಕಿರೀಟ ತಲೆಗಿಟ್ಟು ಕಟ್ಟಿಕೊಳ್ಳುತ್ತಿದ್ದ.

"ಎಂತ ಮಾಡ್ತಾ ಇದ್ದೆ?" ಎಂದೆ.

"ಅಕ್ಕಾ, ನೀ ಗಾಡಿಯಲ್ಲಿ ಕೂತ್ಗ. ರಿವರ್ಸ್ ಹಾಕಿ ತಯಾರಿರು" ಎಂದ. ಅದು ಔಷಧಿ ಅಂಗಡಿಯ ಶ್ರೀಪಾದನ ದನಿಯಲ್ಲ. ಅವನಿಗೆ ಬಣ್ಣ ಬಂದಿತ್ತು.

ಮೊದಲು ಅವನು ಹೋದದ್ದು ಸಾಲಿನ ತುದಿಗೆ. ಅದೇ ಬುದ್ಧಿವಂತಿಕೆ. ಕೊನೆಯವನು ಸರಿಯದೆ ಮೊದಲನೆಯವನು ಸರಿಯುವುದಾದರೂ ಹೇಗೆ? ಕೊನೆಯಲ್ಲಿ ನಿಂತ ಜೀಪಿನ ಎದುರು ನಿಂತು, ಕಾಲು ಅಗಲಿಸಿ, ಎರಡೂ ಕೈ ಮೇಲೆತ್ತಿ, ರಂಗಸ್ಥಳಕ್ಕೆ ರಾಕ್ಷಸ ಬರುವಾಗ ಹಾಕುವ ಆ ಕೂಗು ಹಾಕಿದ ನೋಡಿ! ಪೈಪಿನೊಳಗಿನ ನಾಯಿ ಮರಿಗಳನ್ನು ಬಿಟ್ಟು ಓಡಿತು. ದನಗಳು ಎದ್ದು ನಿಂತವು. ಅಷ್ಟೂ ಹಾರ್ನು ಒಮ್ಮೆಲೇ ನಿಂತಿತು.

ಆಮೇಲೆ ನಗು. ಆಮೇಲೆ ಮೊಬೈಲುಗಳು ಮೇಲೆದ್ದವು. ಇಷ್ಟು ಹೊತ್ತು ಸ್ಟೇರಿಂಗಿನಿಂದ ಕೈ ತೆಗೆಯದವರೆಲ್ಲ ವಿಡಿಯೋ ಮಾಡಲು ಎರಡೂ ಕೈ ತೆಗೆದರು.

"ವಿಡಿಯೋ ಆಮೇಲೆ! ಹಿಂದೆ! ಹಿಂದೆ! ಒಬ್ಬಳು ತಾಯಿ ಕಾಯುತ್ತಿದ್ದಾಳೆ!" ಶ್ರೀಪಾದ ಗದರಿದ. ಗದರಿದ್ದು ಅಚ್ಚ ಯಕ್ಷಗಾನದ ಕನ್ನಡದಲ್ಲಿ. ಗೆಜ್ಜೆ ಕುಟ್ಟುತ್ತ, ಕೈಯಲ್ಲಿ ತಾಳ ಹಾಕುತ್ತ, ಒಂದೊಂದೇ ಗಾಡಿಯನ್ನು ಹಿಂದೆ ಹಿಂದೆ ನಡೆಸಿದ. ಜೀಪು ಸರಿಯಿತು. ಕಾರು ಸರಿಯಿತು. ಫೋನಿನಲ್ಲಿದ್ದವನು ಫೋನು ಇಟ್ಟ. ನಾನು ಅಷ್ಟು ಹೇಳಿದರೂ ಕೇಳದ ಆಟೊದವನು "ಆಯ್ತು ಮಹಾಸ್ವಾಮಿ" ಎಂದು ಕೈ ಮುಗಿದು ಹಿಂದೆ ಹೋದ. ನಾನೂ ಹೋದೆ. ಬೈಕಿನವರು ಸಂದಿಗಳನ್ನು ಖಾಲಿ ಮಾಡಿದರು. ಟೆಂಪೊ ಬಂತು.

ಉಳಿದದ್ದು ಬಿಳಿ ಕಾರು. ಅದರ ಹಿಂದೆ ಈಗ ಬಯಲು. ಆದರೂ ಅದು ಅಲುಗಲಿಲ್ಲ.

ನಾನು ನನ್ನ ಕಾರನ್ನು ಬದಿಗೆ ನಿಲ್ಲಿಸಿ ಓಡಿದೆ. (ಜಗಳ ನೋಡಲು ಅಲ್ಲ. ತಮ್ಮನಿಗೆ ಏನಾದರೂ ಆದೀತು ಅಂತ. ಸರಿ, ಜಗಳ ನೋಡಲೂ ಹೌದು.)

ಗಾಜು ಪೂರ್ತಿ ಇಳಿದಿತ್ತು. ಬಿಳಿ ಅಂಗಿ, ಕಪ್ಪು ಕನ್ನಡಕ, ಕತ್ತಿನಲ್ಲಿ ದಪ್ಪ ಸರ. "ಏಯ್, ನಾಟಕ ಮಾಡ್ತಿದೀಯ? ಸೈಡಿಗೆ ಹೋಗು. ನಾನು ಯಾರು ಗೊತ್ತುಂಟಾ?" ಎಂದ ಆತ.

ಓದುಗರೇ, ಇಲ್ಲಿ ಒಂದು ಮಾತು. 'ನಾನು ಯಾರು ಗೊತ್ತುಂಟಾ' ಎಂಬ ಪ್ರಶ್ನೆಯನ್ನು ಯಾರಿಗೆ ಬೇಕಾದರೂ ಕೇಳಿ, ಯಕ್ಷಗಾನದ ರಾಕ್ಷಸನಿಗೆ ಕೇಳಬೇಡಿ. ಅವನ ಕಸುಬೇ ಅದು. ರಂಗಸ್ಥಳಕ್ಕೆ ಬಂದು ಅವನು ಮಾಡುವ ಮೊದಲ ಕೆಲಸವೇ 'ನಾನು ಯಾರು' ಎಂದು ಹೇಳುವುದು. ಶ್ರೀಪಾದನಂತೂ ಅದಕ್ಕೇ ತಿಂಗಳಿಡೀ ತಯಾರಾಗಿದ್ದವನು.

ಒಂದು ಹೆಜ್ಜೆ ಹಿಂದೆ ಸರಿದ. ಒಮ್ಮೆ ಕೆಮ್ಮಿದ. ಶುರು ಮಾಡಿದ.

"ನೀನು ಯಾರೋ ನಾನರಿಯೆ! ಆದರೆ ನಾನು ಯಾರು, ಬಲ್ಲೆಯಾ? ನಾನು ಉಸಿರುಬಿಟ್ಟರೆ ಬಿರುಗಾಳಿ! ಕಾಲಿಟ್ಟರೆ ಭೂಕಂಪ! ಇಂದ್ರನ ಆನೆಯನ್ನು ಅದರ ಸೊಂಡಿಲು ಹಿಡಿದು ಹಿಂದಕ್ಕೆ ಅಟ್ಟಿದವನು! ಸೂರ್ಯನ ರಥವೇ ನನ್ನನ್ನು ಕಂಡು ಬದಿಗೆ ಸರಿಯುತ್ತದೆ! ಅಂಥ ನಾನೇ ಒಬ್ಬಳು ಬಸುರಿಗೆ ದಾರಿ ಬಿಟ್ಟು ನಿಂತಿದ್ದೇನೆ! ಇನ್ನು ನಿನ್ನದೇನು ಈ ಡಬ್ಬಿ? ತೆಗೆ ಹಿಂದೆ!"

ಸೊಂಡಿಲು, ರಥ ಎಲ್ಲ ಅಭ್ಯಾಸದ್ದು. ಡಬ್ಬಿ ಅಲ್ಲೇ ಹೊಳೆದದ್ದು.

ಜನ ಚಪ್ಪಾಳೆ ಹೊಡೆದರು. ಲಾರಿಯವನು ಸ್ಟೇರಿಂಗ್ ಕುಟ್ಟಿ "ಹೊಡೀರಿ ಗೌಡ್ರ!" ಎಂದು ಕೂಗಿದ. ಬಿಳಿ ಅಂಗಿಯವನ ಮುಖ ರಾಕ್ಷಸನ ಮುಖಕ್ಕಿಂತ ಕೆಂಪಾಯಿತು. ಬಾಗಿಲ ಹಿಡಿಕೆಗೆ ಕೈ ಹಾಕಿದ. ಇಳಿದಿದ್ದರೆ ಏನಾಗುತ್ತಿತ್ತೋ. ವೇಷದೊಳಗೆ ಇರುವವನು ಹೋಟೆಲಿನಲ್ಲಿ ವಡೆ ವಾಪಸ್ ಕೊಡಲಾರದವನು ಎಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಅಷ್ಟರಲ್ಲಿ ಬಿಳಿ ಕಾರಿನ ಹಿಂದಿನ ಸೀಟಿನ ಗಾಜು ಇಳಿಯಿತು. ಒಬ್ಬ ಅಜ್ಜಿ. ಆತನ ತಾಯಿಯಂತೆ. ಕಣ್ಣು ಫಳಫಳ ಹೊಳೆಯುತ್ತಿದ್ದವು.

"ಎಷ್ಟು ಚೆಂದ ಹೇಳ್ದ್ಯೋ ಮಾರಾಯಾ! ಇನ್ನೊಂದ್ಸಲ ಹೇಳು" ಎಂದರು ಶ್ರೀಪಾದನಿಗೆ. ತಕ್ಷಣ ಮುಂದಿನ ಸೀಟಿನ ಕಡೆ ತಿರುಗಿ, ದನಿ ಬದಲಿಸಿ, "ನೀ ಎಂತ ನೋಡ್ತಿದ್ದೆ? ಹೆರಿಗೆ ನೋವಿನ ಹೆಂಗಸು ಇದ್ದಾಳಂತೆ, ಕಿವಿ ಕೇಳ್ತಿಲ್ವಾ? ನಿನ್ನ ಹೆರುವಾಗ ಎತ್ತಿನ ಗಾಡಿಯವ್ರು ದಾರಿ ಬಿಟ್ಟಿದ್ರು. ತೆಗಿ ಹಿಂದೆ!" ಎಂದರು.

ರಾಕ್ಷಸನಿಗೆ ಬಗ್ಗದಿದ್ದರೂ ತಾಯಿಗೆ ಬಗ್ಗಲೇಬೇಕು. ಬಿಳಿ ಕಾರು ಹಿಂದೆ ಹೋಯಿತು. ಎಂಥ ಸೊಗಸಾದ ರಿವರ್ಸ್ ಅಂತೀರಿ! ಒಂದು ಕಲ್ಲಿಗೂ ತಾಗಲಿಲ್ಲ. ಇಷ್ಟು ಚೆನ್ನಾಗಿ ಬರುವ ವಿದ್ಯೆಯನ್ನು ಈತ ಇಷ್ಟು ಹೊತ್ತು ಯಾಕೆ ಬಚ್ಚಿಟ್ಟಿದ್ದ?

ಲಾರಿ ಮೇಲೆ ಹತ್ತಿತು. ಅದರ ಹಿಂದೆ ಓಮ್ನಿ. ಹೋಗುವಾಗ ಒಂದು ಕ್ಷಣ ಕಂಡಿತು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸಿನ ತೊಡೆಯ ಮೇಲೆ ತಲೆಯಿಟ್ಟ ಹುಡುಗಿ. ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದ ಕೈ. ಹಸಿರು ಬಳೆ. ಚಪ್ಪಾಳೆ ಹೊಡೆಯುತ್ತಿದ್ದವರು ನಿಲ್ಲಿಸಿದರು. ಓಮ್ನಿ ತಿರುವಿನಾಚೆ ಮರೆಯಾಯಿತು.

(ಆಮೇಲೆ? ಆಮೇಲೆ ಎಲ್ಲರೂ ಒಟ್ಟಿಗೇ ನುಗ್ಗಿದರು. ಇನ್ನೇನು? ಶ್ರೀಪಾದ ಮತ್ತೆ ಕೂಗಿ ಸಾಲು ಮಾಡಿಸಬೇಕಾಯಿತು.)

ಕಾರಿಗೆ ಬಂದು ಕೂತವನು ಸಿದ್ದಾಪುರ ಬರುವವರೆಗೂ ಏನೂ ಹೇಳಲಿಲ್ಲ. ನಾನು ಹೊಗಳಿದೆ. ತಲೆ ಅಲ್ಲಾಡಿಸಿದ. ನೀರು ಕೊಟ್ಟೆ. ಕುಡಿದ. "ಎಂತ ಆತು? ಮಾತಾಡಾ" ಎಂದೆ. ಬಾಯಿ ತೆರೆದ. ಬಂದದ್ದು ಬರೀ ಗಾಳಿ. ಅಷ್ಟು ಧೂಳಿನಲ್ಲಿ ಅಷ್ಟು ಕೂಗಿದ್ದಕ್ಕೆ ಗಂಟಲು ಪೂರ್ತಿ ಕೂತುಹೋಗಿತ್ತು.

ಶಾಲೆಯಲ್ಲಿ ನಮಗಾಗಿ ಕಾದಿದ್ದರು. ಸಮಯ ತಳ್ಳಲು ಮುಖ್ಯ ಅತಿಥಿಗಳಿಗೆ ಇನ್ನೂ ನಾಲ್ಕು ಮಾತಾಡಿ ಎಂದಿದ್ದರಂತೆ. ಅವರು ನಿಜಕ್ಕೂ ಸಂತೋಷದಿಂದ ಮಾತಾಡುತ್ತಲೇ ಇದ್ದರು. ಮಕ್ಕಳು ರಾಕ್ಷಸನನ್ನು ಕಂಡು ಹೋ ಎಂದು ಎದ್ದು ನಿಂತರು, ಭಾಷಣದಿಂದ ಬಿಡಿಸಲು ಬಂದ ದೇವರೆಂಬಂತೆ.

ಶ್ರೀಪಾದ ಭಾಗವತರ ಬಳಿ ಹೋಗಿ ಗಂಟಲು ಮುಟ್ಟಿ ತೋರಿಸಿದ. ಅವರಿಗೆ ಅರ್ಥವಾಯಿತು. ಆಟ ನಿಲ್ಲಿಸುವಂತಿಲ್ಲ. ರಾಕ್ಷಸ ಬಂದ, ಕುಣಿದ. ಕುಣಿತ ಚೆನ್ನಾಗೇ ಇತ್ತು. ಪರಿಚಯದ ಮಾತು ಬರುವ ಜಾಗದಲ್ಲಿ ಬಾಯಿ ಆಡಿಸಿದ. ಅವನೊಟ್ಟಿಗೆ ಓದಿದ ಇನ್ನೊಬ್ಬ ಗೆಳೆಯ ರಾಜನ ವೇಷದಲ್ಲಿದ್ದ. ಅವನೇ ಸಂಭಾಳಿಸಿದ. "ಏನೆಂದೆ? ಉಸಿರುಬಿಟ್ಟರೆ ಬಿರುಗಾಳಿ ಎಂದೆಯಾ? ಹೌದು, ಉಸಿರು ಮಾತ್ರವೇ ಕೇಳುತ್ತಿದೆ!" ಎಂದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನಲ್ಲಿ ಕೂತ ನಮ್ಮ ಹಳೆಯ ಮೇಷ್ಟ್ರೊಬ್ಬರು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿತು. "ಇವ ನಮ್ಮ ಮೌನಿಬಾಬಾ ಅಲ್ಲವಾ? ಪಾಪ, ಇನ್ನೂ ಹಾಂಗೇ ಇದ್ದಾನೆ."

ನನಗೆ ಎದ್ದು ನಿಂತು ಕೂಗಬೇಕು ಅನ್ನಿಸಿತು. ಈಗಷ್ಟೇ ಅವನು ಏನು ಮಾಡಿ ಬಂದ ಗೊತ್ತಾ ನಿಮಗೆ ಎಂದು. ಕೂಗಲಿಲ್ಲ. ಆಟ ಮುಗಿದ ಮೇಲೆ ಶ್ರೀಪಾದ ಶಾಲೆಯ ನಲ್ಲಿಯ ಬಳಿ ಬಣ್ಣ ಒರೆಸುತ್ತ ಬಹಳ ಹೊತ್ತು ನಿಂತಿದ್ದ. ಮುಖದಲ್ಲಿ ಕೆಂಪು ಹೋಗಿ ಕಣ್ಣಲ್ಲಿ ಕೆಂಪು ಉಳಿದಿತ್ತು. ಧೂಳು ಬಿದ್ದದ್ದು ಎಂದು ಸನ್ನೆ ಮಾಡಿದ. ಇರಬಹುದು.

ಎರಡು ದಿನ ಬಿಟ್ಟು ಅವನ ಅಂಗಡಿಗೆ ಹೋಗಿದ್ದೆ. ನಾನು ಒಳಗೆ ಬಾಕ್ಸುಗಳ ಮರೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಾಗ ಒಬ್ಬ ಗಿರಾಕಿ ಬಂದ. ಈ ಸಲ ಅಂಗಿಯ ಗುಂಡಿ ಸರಿಯಿತ್ತು. ಕಾಲಲ್ಲಿ ಚಪ್ಪಲಿ ಇತ್ತು. ಓಮ್ನಿಯವನು! ಡಾಕ್ಟರ ಚೀಟಿ ಕೊಟ್ಟ. ಮಗುವಿಗೆ ಸೋಪು, ಪೌಡರು ಬೇಕೆಂದ.

ಶ್ರೀಪಾದನಿಗೆ ಇನ್ನೂ ದನಿ ಬಂದಿರಲಿಲ್ಲ. ಹುಬ್ಬು ಏರಿಸಿ 'ಎಂಥ ಮಗು' ಎಂದು ಕೇಳಿದ.

"ಹೆಣ್ಣು. ತಾಯಿ ಮಗು ಇಬ್ಬರೂ ಅಡ್ಡಿಲ್ಲ" ಎಂದು ಅವನು ಶುರು ಮಾಡಿದ. "ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟ್ರು. ಎಂತ ಹೇಳುದು ನಿಮಗೆ! ರಸ್ತೆಯಲ್ಲಿ ಸಿಕ್ಕಿಬಿದ್ದಿದ್ವಿ. ಯಕ್ಷಗಾನದವ ಒಬ್ಬ ವೇಷದಲ್ಲೇ ಇಳಿದು ದಾರಿ ಮಾಡಿಸ್ದ. ಎಂಥ ದನಿ ಅಂತೀರಿ, ಗುಡುಗು! ಆರಡಿ ಮೇಲಿದ್ದ ಆಸಾಮಿ. ಮುಖ ಕಂಡಿದ್ರೆ ಹುಡುಕಿ ಕಾಲಿಗೆ ಬೀಳ್ತಿದ್ದೆ. ಬಣ್ಣದಲ್ಲಿ ಯಾರು ಅಂತ ಗೊತ್ತಾಗುದು ಹೇಗೆ?"

ಆರಡಿಗೆ ಬಹಳಷ್ಟು ಕಡಿಮೆ ಇರುವ ಶ್ರೀಪಾದ ತಲೆಯಾಡಿಸುತ್ತ ಪೌಡರಿನ ಡಬ್ಬಿ ಕವರಿಗೆ ಹಾಕಿದ. ಔಷಧಿ ಎಷ್ಟು ಹೊತ್ತಿಗೆ ಕೊಡಬೇಕೆಂದು ಚೀಟಿಯ ಮೇಲೆ ಬರೆದು ತೋರಿಸಿದ. ಓಮ್ನಿಯವನು "ನಿಮಗೆ ಗಂಟಲು ಸರಿ ಇಲ್ವಾ? ಶುಂಠಿ ಕಷಾಯ ಕುಡೀರಿ" ಎಂದು ಹೇಳಿ ಹೋದ.

"ಹೇಳ್ಲಾಗಿತ್ತಲ್ಲ! ಎಂತಕ್ಕೆ ಸುಮ್ನಿದ್ದೆ?" ಎಂದು ನಾನು ಜಗಳಕ್ಕೇ ಹೋದೆ.

ಅವನು ಪಿಸುಗುಟ್ಟಿದ. "ಆ ದನಿಯ ಹೊಗಳಿದ್ಮೇಲೆ ಈ ದನಿಯಲ್ಲಿ ಹ್ಯಾಂಗೆ ಹೇಳದು ಅಕ್ಕಾ?"

ಆದರೆ ಅವನ ಮುಖ ನೋಡಬೇಕಿತ್ತು ನೀವು. ಶಾಲೆಯ ನಲ್ಲಿಯ ಬಳಿ ನಿಂತವನೇ ಅಲ್ಲ. ಆ ದಿನವಿಡೀ ಚಿಲ್ಲರೆ ಇಲ್ಲ ಎಂದವರನ್ನೆಲ್ಲ ಬಾಕಿ ಕೇಳದೆ ಸುಮ್ಮನೆ ನಕ್ಕು ಕಳಿಸುತ್ತಿದ್ದ.

ವಿಡಿಯೋ ನೀವೂ ನೋಡಿರುತ್ತೀರಿ. ಫೋನಿಂದ ಫೋನಿಗೆ ಹಾರಿ ಯಲ್ಲಾಪುರ, ಸಿದ್ದಾಪುರ ಎಲ್ಲ ಸುತ್ತಿ ನನ್ನ ಗಂಡನ ಮೊಬೈಲಿಗೂ ಬಂತು. ಅವರು ಅದನ್ನು ನನಗೇ ಕಳಿಸಿ 'ನೋಡು, ಎಂಥ ಜನ ಇದ್ದಾರೆ' ಎಂದು ಬರೆದರು. ಕೆಳಗೆ ಸಾಲು ಸಾಲು ಕಾಮೆಂಟು. ಕೆಲವರು ಕೈ ಮುಗಿದಿದ್ದರು. ಕೆಲವರು ಕಿರೀಟ ಕಟ್ಟಿದ ಕ್ರಮ ಸರಿಯಿಲ್ಲ ಎಂದು ಚರ್ಚೆ ಮಾಡಿದ್ದರು. ಒಬ್ಬರು ಮನೆಯ ಕಾರ್ಯಕ್ರಮಕ್ಕೆ ಈ ಕಲಾವಿದ ಸಿಗುತ್ತಾರಾ ಎಂದು ವಿಚಾರಿಸಿದ್ದರು. ವಿಡಿಯೋದಲ್ಲಿ ರಾಕ್ಷಸನ ಬೆನ್ನ ಹಿಂದೆ ಅಗೆದ ಗುಂಡಿ, ಬಳ್ಳಿ ಹಬ್ಬಿದ ಜೆಸಿಬಿ, ವಿಷಾದಿಸುವ ಬೋರ್ಡು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ನಾನು ಒಂದು ಕಾಮೆಂಟನ್ನೂ ಬಿಡದೆ ಓದಿದೆ.

ಆ ವೇಷ ಯಾರದ್ದು ಎಂದು ಇಡೀ ಜಿಲ್ಲೆ ಕೇಳಿತು. ಆ ಗುಂಡಿ ಯಾರದ್ದು ಎಂದು ಒಬ್ಬರಾದರೂ ಕೇಳಬಾರದಿತ್ತೇ?